ಹಮಾಲಿ ಎಲ್ಲಿ ಹೋದ?

ನಮಸ್ಕಾರ,

ಹತ್ತೊಂಬತ್ತನೇ ಶತಮಾನದಲ್ಲಿ ಚೀನಾದ ಚಕ್ರವರ್ತಿಗಳ ವಿರುದ್ಧ ಎದ್ದ ತೈಪಿಂಗ್ ದಂಗೆಯಿಂದ ಅಲ್ಲಿನ ಚಹಾ ವ್ಯಾಪಾರಕ್ಕೆ ಏನಾಯಿತು ಅಂತ ನೀವು ಬರೆದ ಲೇಖನ ಓದಿದೆ. ವಿಷಯ ಒಳ್ಳೆಯದು, ಓದಿಕೊಂಡೇ ಬರೆದಿದ್ದೀರಿ. ಕಾಗುಣಿತವೂ ಸರಿಯಿದೆ. ಆದರೆ ಎರಡನೇ ಪುಟದ ಮೂರು ಸಾಲಿಗೆ ನನಗೆ ಸಿಟ್ಟೇ ಬಂತು.

‘1853ರ ಮಾರ್ಚ್‌ನಲ್ಲಿ ದಂಗೆಕೋರರು ನಾನ್‌ಜಿಂಗ್ ಹಿಡಿದರು.’ ಸರಿ, ಇದು ಇರಲಿ.

‘ಇದರಿಂದ ವ್ಯಾಪಾರ ಸಂಪೂರ್ಣ ಸ್ಥಗಿತಗೊಂಡಿತು.’ ಇಲ್ಲ ಸ್ವಾಮಿ, ನಿಲ್ಲಲಿಲ್ಲ. ದಾರಿ ಬದಲಾಯಿತು. ವುಯಿ ಬೆಟ್ಟದ ಚಹಾ ಶಾಂಘೈಗೆ ಹೋಗುವ ದಾರಿ ಕೆಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಶಾಂಘೈನ ಹಳೇ ಊರೂ ಕಿರುಗತ್ತಿ ಸಂಘ ಅನ್ನುವ ಇನ್ನೊಂದು ದಂಗೆಕೋರ ಗುಂಪಿನ ಕೈಗೆ ಹೋಯಿತು. ಆಗ ರಸೆಲ್ ಕಂಪನಿ ಅನ್ನುವ ಅಮೆರಿಕನ್ನರು ದುಡ್ಡು ಕೊಟ್ಟು ತಮ್ಮ ಜನರನ್ನು ಬೆಟ್ಟಕ್ಕೇ ಕಳಿಸಿದರು. ಕೊಂಡ ಚಹಾವನ್ನು ಮಿನ್ ನದಿಯಲ್ಲಿ ದೋಣಿ ಮೇಲೆ ಫೂಜೌಗೆ ಇಳಿಸಿದರು. ಅಫೀಮು ಯುದ್ಧ ಸೋತ ಚೀನಾ ಬ್ರಿಟಿಷರ ಜೊತೆ ಮಾಡಿಕೊಂಡ 1842ರ ಒಪ್ಪಂದದಲ್ಲೇ, ಶಾಂಘೈ ಜೊತೆಗೆ ತೆರೆದಿದ್ದ ಬಂದರು ಅದು. ಹತ್ತು ವರ್ಷ ಹೆಚ್ಚುಕಮ್ಮಿ ನೊಣ ಹೊಡೆಯುತ್ತಾ ಕೂತಿತ್ತು. ಯುದ್ಧ ಬಂದದ್ದೇ ಅದಕ್ಕೆ ಶುಕ್ರದೆಸೆ! ನಿಮ್ಮ ಲೇಖನದಲ್ಲಿ ಫೂಜೌ ಹೆಸರೇ ಇಲ್ಲ.

‘ಜನಜೀವನ ಅಸ್ತವ್ಯಸ್ತವಾಯಿತು.’ ಯಾರ ಜೀವನ?

ಈ ಪದಕ್ಕೂ ನನಗೂ ಹಳೇ ಲೆಕ್ಕ ಇದೆ. ಪತ್ರಿಕೆಗೆ ಸೇರಿದ ಹೊಸದರಲ್ಲಿ ‘ಮಳೆಗೆ ಸಂತೆ ಅಸ್ತವ್ಯಸ್ತ’ ಅಂತ ಬರೆದುಕೊಟ್ಟಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಕೆಂಪು ಪೆನ್ನಲ್ಲಿ ಅದನ್ನು ಹೊಡೆದುಹಾಕಿ, ‘ಈರುಳ್ಳಿ ಮೂಟೆ ಎಲ್ಲಿಟ್ಟರಯ್ಯಾ?’ ಅಂದರು. ನನಗೆ ಗೊತ್ತಿರಲಿಲ್ಲ. ಮತ್ತೆ ಬಸ್ ಹತ್ತಿಸಿದರು. ಹೋಗಿ ನೋಡಿದರೆ ಮೂಟೆಗಳೆಲ್ಲ ಶಾಲೆಯ ಜಗಲಿ ಮೇಲಿದ್ದವು. ಕೆಸರಲ್ಲಿ ಹೊತ್ತಿದ್ದಕ್ಕೆ ಹಮಾಲಿಗಳು ಮೂಟೆಗೆ ಎರಡರಷ್ಟು ಕೂಲಿ ಕೇಳುತ್ತಿದ್ದರು. ಮರುದಿನ ಅಚ್ಚಾಗಿದ್ದು ಆ ಜಗಳವೇ.

ನಿಮ್ಮ ಕಥೆಯಲ್ಲೂ ಹಮಾಲಿಗಳಿದ್ದಾರೆ, ನೀವು ನೋಡಿಲ್ಲ ಅಷ್ಟೇ. ಮೊದಲು ವುಯಿ ಚಹಾ ದಕ್ಷಿಣದ ಗ್ವಾಂಗ್‌ಜೌ ಬಂದರಿಗೆ ಹೋಗುತ್ತಿದ್ದದ್ದು ಮೇಲಿಂಗ್ ಅನ್ನುವ ಬೆಟ್ಟದ ಕಣಿವೆ ದಾಟಿ. ದೋಣಿಯಿಂದ ಇಳಿಸಿದ ಪೆಟ್ಟಿಗೆಗಳನ್ನು ಕೂಲಿಗಳು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿಸುತ್ತಿದ್ದರು. 1842ರ ಒಪ್ಪಂದದ ಮೇಲೆ ಸರಕು ಶಾಂಘೈ ಕಡೆ ತಿರುಗಿತು. ಇವರ ಹೆಗಲು ಖಾಲಿಯಾಯಿತು. ಹೀಗೆ ಕೆಲಸ ಹೋದ ಕೂಲಿಗಳು, ದೋಣಿಯವರಲ್ಲಿ ಎಷ್ಟೋ ಜನ ದಂಗೆ ಸೇರಿದರು ಅಂತ ಇತಿಹಾಸಕಾರರು ಹೇಳುತ್ತಾರೆ. ಅಂದರೆ ಯುದ್ಧ ವ್ಯಾಪಾರ ಕೆಡಿಸುವ ಮೊದಲೇ ವ್ಯಾಪಾರ ಯುದ್ಧಕ್ಕೆ ಸೌದೆ ಒಟ್ಟಿತ್ತು, ಅಲ್ವಾ? ನೀವು ಒಂದೇ ಕಡೆಯಿಂದ ನೋಡಿದ್ದೀರಿ.

ಲಿಜಿನ್ ಸುಂಕಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ದಂಗೆ ಅಡಗಿಸುವ ಸೈನ್ಯದ ಸಂಬಳಕ್ಕೆ ಅಂತ 1853ರಲ್ಲಿ ಶುರುವಾದ ನಾಕಾ ವಸೂಲಿ ಅದು. ದಂಗೆ 1864ರಲ್ಲಿ ಮುಗಿಯಿತು, ಲಿಜಿನ್ ಹೋಗಿದ್ದು 1931ಕ್ಕೆ. ಒಂದು ಚಹಾ ಪೆಟ್ಟಿಗೆಯ ಜೊತೆ ನಾಕಾದಿಂದ ನಾಕಾಕ್ಕೆ ಹೋಗಿ ನೋಡಿ, ಬೇಕಾದಷ್ಟು ಸಿಗುತ್ತದೆ.

ಚಕ್ರವರ್ತಿಗಳ ವಂಶಾವಳಿ ಇರುವ ಮೊದಲ ಪುಟ ಬೇಡ. ಎರಡನೆಯದನ್ನು ಮತ್ತೆ ಬರೆದು ಕಳಿಸಿ. ಪುಟ ಜಾಸ್ತಿಯಾದರೂ ಚಿಂತೆಯಿಲ್ಲ, ಜಾಗ ನಾನು ಮಾಡುತ್ತೇನೆ.