ಸದ್ದು ಕಮ್ಮಿ ಇರಲಿ, ಗಾಳಿ ಸಾಲಲಿ: ಏರ್‌ಬ್ರಷ್ ಕಂಪ್ರೆಸರ್ ಬಗ್ಗೆ ಓದುಗರ ಪ್ರಶ್ನೆಗಳು

ಗಣೇಶನ ಹಬ್ಬ ಹತ್ತಿರವಾದಂತೆ ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣವನ್ನು ಮಂಜಿನಂತೆ ಹಾರಿಸುವ ಪೆನ್ನಿನಂಥ ಸಾಧನ) ಬಗ್ಗೆ ಪತ್ರಗಳು ಹೆಚ್ಚುತ್ತವೆ. ಈ ಸಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದವು ಬಹುಪಾಲು ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರ್ ಕುರಿತೇ ಇರುವುದರಿಂದ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪ್ಲಾಸ್ಟಿಕ್ ವಿಮಾನ, ಟ್ಯಾಂಕ್ ಮಾಡೆಲ್‌ಗಳಿಗೆ ಬಣ್ಣ ಹೊಡೆಯುವ ಹವ್ಯಾಸ. 0.3 ಮಿ.ಮೀ. ನಾಝಲ್‌ನ (ಬಣ್ಣ ಹೊರಬರುವ ತೂತಿನ) ಏರ್‌ಬ್ರಷ್ ಕೊಂಡಾಗಿದೆ. ಕೆಲಸ ಮುಗಿಸಿ ಕೂರುವುದೇ ರಾತ್ರಿ ಒಂಬತ್ತರ ಮೇಲೆ. ನಾವಿರುವುದು ಮಹಡಿ ಮೇಲೆ, ಕೆಳಗೆ ಮನೆ ಓನರ್. ಹತ್ತು ಸಾವಿರದ ಆಸುಪಾಸಿನಲ್ಲಿ ಸದ್ದು ಮಾಡದ ಕಂಪ್ರೆಸರ್ ಯಾವುದು? ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲದರ ಮೇಲೂ '47 ಡೆಸಿಬಲ್' ಎಂದೇ ಇದೆ. (ವಿದ್ಯಾನಗರ, ದಾವಣಗೆರೆ)

ಉತ್ತರ: 1/6 ಎಚ್‌ಪಿಯ, ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್, ಅಡಿಯಲ್ಲಿ 3 ಲೀಟರ್ ಟ್ಯಾಂಕ್ ಇರುವುದನ್ನು ತೆಗೆದುಕೊಳ್ಳಿ. 'ಎಎಸ್-186' ಎಂದು ಹುಡುಕಿದರೆ ಸಿಗುವುದು ಇದೇ. ಸ್ಟಿಕರ್ ಬೇರೆ ಬೇರೆ, ಒಳಗಿನ ಯಂತ್ರ ಹೆಚ್ಚುಕಮ್ಮಿ ಒಂದೇ. ಟ್ಯಾಂಕಿನ ಒತ್ತಡ 4 ಬಾರ್ (ಬಾರ್, ಪಿಎಸ್‌ಐ ಎರಡೂ ಒತ್ತಡದ ಅಳತೆಗಳು) ಮುಟ್ಟಿದಾಗ ಮೋಟಾರ್ ತಾನೇ ನಿಲ್ಲುತ್ತದೆ, 3 ಬಾರ್‌ಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ನಿಮ್ಮ ನಾಝಲ್‌ಗೆ ಬೇಕಿರುವುದು 15ರಿಂದ 25 ಪಿಎಸ್‌ಐ, ಅಂದರೆ ಎರಡು ಬಾರ್ ಕೂಡ ಆಗದು. ಗಾಳಿ ನಿಮಿಷಕ್ಕೆ ಸುಮಾರು 10 ಲೀಟರ್ ಇದ್ದರೆ ಆಯಿತು. ಯಂತ್ರದ ಮೇಲೆ ಬರೆದಿರುವ 20–23 ಲೀಟರ್ ಎದುರೊತ್ತಡ (ಗಾಳಿ ಹೋಗುವ ಕಡೆಯಿಂದ ಬರುವ ತಡೆ) ಇಲ್ಲದಾಗಿನ ಲೆಕ್ಕ, ಟ್ಯಾಂಕ್ ತುಂಬುತ್ತಾ ಬಂದಂತೆ ಅದು ಇಳಿಯುತ್ತದೆ. ಇಳಿದರೂ ನಿಮಗೆ ಸಾಲುತ್ತದೆ.

ಟ್ಯಾಂಕ್ ಇದ್ದರೆ ಮೋಟಾರ್ ಓಡುವುದೇ ಅಪರೂಪ ಎಂದು ಅಂಗಡಿಯವರು ಹೇಳಿದರೆ ಲೆಕ್ಕ ಹಾಕಿ ನೋಡಿ. 3 ಲೀಟರ್ ಟ್ಯಾಂಕ್ 4 ಬಾರ್‌ನಿಂದ 3ಕ್ಕೆ ಇಳಿಯುವಾಗ ಹೊರಗೆ ಬಿಡುವುದು ಬರೀ 3 ಲೀಟರ್ ಗಾಳಿ. ಟ್ರಿಗರ್ ಒತ್ತಿ ಹಿಡಿದರೆ 18 ಸೆಕೆಂಡಿನಲ್ಲಿ ಮೋಟಾರ್ ಶುರು. ಈ ಟ್ಯಾಂಕಿನ ನಿಜವಾದ ಉಪಯೋಗ ಬೇರೆ: ಪಿಸ್ಟನ್ ಗಾಳಿಯನ್ನು ತಡೆ ತಡೆದು ದೂಡುತ್ತದೆ, ಟ್ಯಾಂಕ್ ಅದನ್ನು ಒಂದೇ ಸಮನೆ ಮಾಡಿ ಕೊಡುತ್ತದೆ. ಸಣ್ಣ ಗೆರೆ ಎಳೆಯುವಾಗ ಗೆರೆ ಮಣಿ ಪೋಣಿಸಿದ ಹಾಗೆ ಬರದಿರುವುದು ಇದರಿಂದಲೇ.

ಇನ್ನು 47 ಡೆಸಿಬಲ್. ಎಷ್ಟು ದೂರದಿಂದ, ಎಂಥ ನೆಲದ ಮೇಲಿಟ್ಟು ಅಳೆದದ್ದು ಎಂದು ಹೇಳದ ಡೆಸಿಬಲ್ ಅಂಕಿಗೆ ಬೆಲೆಯಿಲ್ಲ. ಇದು ಪಕ್ಕದಲ್ಲಿ ಕೂತು ಮಾತಾಡುವಷ್ಟು ಸದ್ದಿನ ಯಂತ್ರ, ದನಿ ಸ್ವಲ್ಪ ಏರಿಸಬೇಕಷ್ಟೆ. ಆದರೆ ನಿಮ್ಮ ಸಮಸ್ಯೆ ಗಾಳಿಯಲ್ಲಿ ಹೋಗುವ ಸದ್ದಲ್ಲ. ನಡುಗು ಆರ್‌ಸಿಸಿ ಛಾವಣಿಯಲ್ಲಿ ಇಳಿದು ಕೆಳಗಿನವರ ತಲೆಮೇಲೆ ಗುಂಯ್‌ಗುಟ್ಟುತ್ತದೆ. ಟೈಲ್ಸ್ ಮೇಲೆ ನೇರವಾಗಿ ಇಡಬೇಡಿ. ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟಿನ ಒಂದು ತುಂಡು, ಅದರ ಮೇಲೆ ಒಂದೂವರೆ ಅಡಿ ಚೌಕದ ಕಡಪ ಕಲ್ಲು, ಕಲ್ಲಿನ ಮೇಲೆ ಕಂಪ್ರೆಸರ್. ಭಾರದ ಕಲ್ಲು ನಡುಗನ್ನು ತಡೆಯುತ್ತದೆ, ರಬ್ಬರ್ ಅದನ್ನು ನೆಲಕ್ಕೆ ಬಿಡುವುದಿಲ್ಲ. ಯಂತ್ರ ಗೋಡೆಗಾಗಲಿ ಮೇಜಿನ ಕಾಲಿಗಾಗಲಿ ತಾಗಬಾರದು. 5 ಮೀಟರ್ ಹೋಸ್ ಹಾಕಿ ಪಕ್ಕದ ಕೋಣೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಇಷ್ಟು ಕಡಿಮೆ ಗಾಳಿಗೆ ಆ ಉದ್ದದಲ್ಲಿ ಒತ್ತಡ ಹೇಳಿಕೊಳ್ಳುವಷ್ಟು ಇಳಿಯದು.

ಸದ್ದಿಗೆ ಹೆದರಿ ಬೀರುವಿನೊಳಗೆ ಮುಚ್ಚಿಡುವುದು ಮಾತ್ರ ಬೇಡ. ಏಪ್ರಿಲ್, ಮೇ ಬಿಸಿಲಿನಲ್ಲಿ ಕೋಣೆಯೇ ಕಾದಿರುತ್ತದೆ. ಮುಚ್ಚಿದ ಜಾಗದಲ್ಲಿ ಸಿಲಿಂಡರ್ ಹೆಡ್ ಕೈ ಇಡಲಾಗದಷ್ಟು ಬಿಸಿಯಾಗಿ ಥರ್ಮಲ್ ಕಟ್‌ಔಟ್ ಮೋಟಾರನ್ನು ನಿಲ್ಲಿಸುತ್ತದೆ. ಹಾಗೆ ನಿಂತರೆ ಪ್ಲಗ್ ಕಿತ್ತಿಡಿ. ತಣ್ಣಗಾದ ಮೇಲೆ ಅದು ತಾನಾಗಿಯೇ ಶುರುವಾಗಬಹುದು.

ಪ್ರಶ್ನೆ: ಟ್ಯಾಂಕ್ ಇಲ್ಲದ್ದು ಅಗ್ಗ. ಅದೇ ಸಾಕೇ? (ಹರಿಹರ)

ಉತ್ತರ: ಟೀ ಶರ್ಟ್, ಗೋಡೆ ಚಿತ್ರ, ಸ್ಟೆನ್ಸಿಲ್ ಕೆಲಸಕ್ಕೆ ಸಾಕು. ಸಣ್ಣ ಗೆರೆಗೆ ಸಾಲದು. ಕೊಳ್ಳುವುದೇ ಆದರೆ ಆಟೋ ಸ್ಟಾಪ್ ಇರುವುದನ್ನೇ ನೋಡಿ, ಇಲ್ಲದಿದ್ದರೆ ಬಣ್ಣ ಕಲಸುವಾಗಲೂ ಮೋಟಾರ್ ಓಡುತ್ತಲೇ ಇರುತ್ತದೆ. 10 ಮೀಟರ್ ಹೋಸ್ ಸುರುಳಿ ಸುತ್ತಿ ನಡುವೆ ಹಾಕಿದರೆ ಗಾಳಿಯ ಮಿಡಿತ ಒಂದಿಷ್ಟು ತಗ್ಗುತ್ತದೆ.

ಪ್ರಶ್ನೆ: ಮನೆಯಲ್ಲಿ ನೆಬ್ಯುಲೈಸರ್ ಇದೆ, ಅಕ್ವೇರಿಯಂ ಪಂಪೂ ಇದೆ. ಸದ್ದು ಕಮ್ಮಿ. ಇವುಗಳಲ್ಲೇ ಹೊಂದಿಸಿಕೊಳ್ಳಬಹುದಲ್ಲ? (ಚಳ್ಳಕೆರೆ)

ಉತ್ತರ: ಅಕ್ವೇರಿಯಂ ಪಂಪಿನ ಒತ್ತಡ ಕೆಲವೇ ಪಿಎಸ್‌ಐ, ಬಣ್ಣ ಹನಿಯಾಗಿಯೂ ಒಡೆಯದು. ನೆಬ್ಯುಲೈಸರ್ 0.2 ನಾಝಲ್‌ನಲ್ಲಿ ಇಂಕು ಅಥವಾ ಹಾಲಿಗಿಂತ ತೆಳುವಾದ ಬಣ್ಣವನ್ನು ಹೇಗೋ ಹಾರಿಸೀತು. ಆದರೆ ಅದಕ್ಕೆ ಒತ್ತಡ ಹೊಂದಿಸುವ ರೆಗ್ಯುಲೇಟರ್ ಇಲ್ಲ, ಅರ್ಧ ಗಂಟೆಗೊಮ್ಮೆ ವಿಶ್ರಾಂತಿ ಕೊಡಬೇಕು. ಮನೆಯಲ್ಲಿ ಯಾರಾದರೂ ಔಷಧಿಗೆ ಬಳಸುತ್ತಿದ್ದರಂತೂ ಮುಟ್ಟಲೇಬೇಡಿ, ಬಣ್ಣದ ಮಂಜು ಅದರ ಫಿಲ್ಟರಿಗೆ ಹೋಗುತ್ತದೆ.

ಪ್ರಶ್ನೆ: ತಮ್ಮನ ಗ್ಯಾರೇಜಿನ 24 ಲೀಟರ್ ಕಂಪ್ರೆಸರ್ ಬಿಟ್ಟಿ ಸಿಗುತ್ತಿದೆ. ಸದ್ದಿಗೆ ಬೀದಿಯೇ ಎದ್ದು ಕೂರುತ್ತದೆ. ತಾರಸಿ ಮೇಲೆ ಇಟ್ಟುಕೊಂಡು ಅಲ್ಲೇ ಮಣ್ಣಿನ ಗಣಪತಿಗೆ ಬಣ್ಣ ಹೊಡೆಯಬಹುದೇ? (ಚಿತ್ರದುರ್ಗ)

ಉತ್ತರ: ಕಂಪ್ರೆಸರ್ ತಾರಸಿಯಲ್ಲಿರಲಿ, ನೀವು ಕೆಳಗೆ ಬನ್ನಿ. ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿಗೆ ಬಣ್ಣ ಮೂರ್ತಿ ಮುಟ್ಟುವ ಮೊದಲೇ ಒಣಗಿ ಮೈಮೇಲೆ ಪುಡಿಪುಡಿಯಾಗಿ ಕೂರುತ್ತದೆ, ಜೊತೆಗೆ ಧೂಳು.

ಬಿಟ್ಟಿ ಸಿಕ್ಕ ಈ ಯಂತ್ರವನ್ನು ಜಾಣತನದಿಂದ ಬಳಸಬಹುದು. 24 ಲೀಟರ್ ಟ್ಯಾಂಕನ್ನು ಹಗಲಿನಲ್ಲಿ 8 ಬಾರ್‌ಗೆ ತುಂಬಿ ಸ್ವಿಚ್ ಆರಿಸಿಬಿಡಿ. 8ರಿಂದ 2 ಬಾರ್‌ವರೆಗೆ ಸಿಗುವುದು 144 ಲೀಟರ್ ಗಾಳಿ. 0.3 ನಾಝಲ್‌ಗೆ ಟ್ರಿಗರ್ ಬಿಡದೆ ಒತ್ತಿದರೂ 14 ನಿಮಿಷ, ಬಿಟ್ಟು ಬಿಟ್ಟು ಹೊಡೆಯುವವರಿಗೆ ಅರ್ಧ ಗಂಟೆ ಮೀರಿ ಬರುತ್ತದೆ. ಕಣ್ಣು, ಕಿರೀಟ, ಆಭರಣದಂಥ ನಾಜೂಕು ಕೆಲಸ ಅಷ್ಟರಲ್ಲಿ ಮುಗಿಯುತ್ತದೆ. ಮೈಬಣ್ಣಕ್ಕೆ 0.5 ನಾಝಲ್ ಬೇಕು, ಅದು ಗಾಳಿಯನ್ನು ಹೆಚ್ಚು ಕುಡಿಯುತ್ತದೆ. ಆ ಕೆಲಸ ಹಗಲಿಗೇ ಇಟ್ಟುಕೊಳ್ಳಿ.

ಒಂದು ಖರ್ಚು ತಪ್ಪದು. ಗ್ಯಾರೇಜ್ ಕಂಪ್ರೆಸರಿನ ರೆಗ್ಯುಲೇಟರ್ ಗೇಜ್ 150 ಪಿಎಸ್‌ಐ ಮೀರಿ ಓದುವಂಥದ್ದು, 15ಕ್ಕೂ 20ಕ್ಕೂ ಮುಳ್ಳು ಅಲುಗಿದ್ದೇ ಗೊತ್ತಾಗುವುದಿಲ್ಲ. ಕೂರುವ ಜಾಗದ ಹತ್ತಿರ 0–60 ಪಿಎಸ್‌ಐ ಗೇಜ್‌ನ ಇನ್ನೊಂದು ಸಣ್ಣ ರೆಗ್ಯುಲೇಟರನ್ನು, ಗಾಳಿಯಲ್ಲಿನ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಸಮೇತ ಗೋಡೆಗೆ ಹಾಕಿ. ಇದು ಎಣ್ಣೆ ಹಾಕುವ ಮಾದರಿಯಾದರೆ ಎಣ್ಣೆ ಹಿಡಿಯುವ ಫಿಲ್ಟರ್ ಕೂಡ ಬೇಕು. ಎಣ್ಣೆ ಹನಿ ಬಿದ್ದ ಕಡೆ ನೀರಿನ ಬಣ್ಣ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಗುಜರಿಯಲ್ಲಿ ಫ್ರಿಜ್ ಕಂಪ್ರೆಸರ್ ಅಗ್ಗಕ್ಕೆ ಸಿಗುತ್ತದೆ. ಅದೇ ಎಲ್ಲಕ್ಕಿಂತ ನಿಶ್ಶಬ್ದ ಎನ್ನುತ್ತಾರೆ. ಟ್ಯಾಂಕಿಗೆ ಹಳೇ ಗ್ಯಾಸ್ ಸಿಲಿಂಡರ್ ಹಾಕಬಹುದೇ? (ದೃಶ್ಯಕಲಾ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಕೊನೆಯದಕ್ಕೆ ಮೊದಲು: ಬೇಡ. ಸಿಲಿಂಡರ್ ನಿಮ್ಮದಲ್ಲ, ಗ್ಯಾಸ್ ಕಂಪನಿಯದು. ಅದರಲ್ಲಿ ಉಳಿದ ಗ್ಯಾಸ್ ವೆಲ್ಡಿಂಗ್ ಕಿಡಿಗೆ ಕಾಯುತ್ತಿರುತ್ತದೆ. ಪಿವಿಸಿ ಪೈಪೂ ಬೇಡ, ಅದು ಸೀಳುವುದಿಲ್ಲ, ಚೂರಾಗಿ ಸಿಡಿಯುತ್ತದೆ. ಗಾಳಿಗೆಂದೇ ಮಾಡಿದ, ಸೇಫ್ಟಿ ವಾಲ್ವ್ ಇರುವ ಟ್ಯಾಂಕ್ ಮಾತ್ರ.

ಫ್ರಿಜ್ ಕಂಪ್ರೆಸರ್ ನಿಶ್ಶಬ್ದ ಎಂಬುದು ನಿಜ. ತೊಡಕುಗಳೂ ನಿಜ. ಬಿಚ್ಚುವ ಮುಂಚೆ ಹೊರಗಿನ ಲೇಬಲ್ ಓದಿ: ಆರ್-600ಎ ಎಂದಿದ್ದರೆ ಒಳಗಿರುವುದು ಬೆಂಕಿ ಹೊತ್ತುವ ಗ್ಯಾಸ್. ಯಾವುದೇ ಗ್ಯಾಸಿರಲಿ, ಫ್ರಿಜ್ ಮೆಕ್ಯಾನಿಕ್ ಕೈಯಲ್ಲೇ ತೆಗೆಸಿ. ಎರಡನೆಯದು, ಈ ಮೋಟಾರ್ ಎದುರೊತ್ತಡ ಇಟ್ಟುಕೊಂಡು ಶುರುವಾಗಲಾರದು, ಗುಂಯ್ ಎಂದು ಓವರ್‌ಲೋಡ್ ಟ್ರಿಪ್ ಆಗುತ್ತದೆ. ಹಾಗಾಗಿ ನಿಂತ ಕೂಡಲೇ ಪೈಪಿನ ಗಾಳಿಯನ್ನು ಹೊರಬಿಡುವ ಪ್ರೆಶರ್ ಸ್ವಿಚ್ಚು, ಟ್ಯಾಂಕಿನ ಗಾಳಿ ಹಿಂದೆ ಬರದಂತೆ ಒಂದು ನಾನ್ ರಿಟರ್ನ್ ವಾಲ್ವು ಬೇಕೇ ಬೇಕು. ಮೂರನೆಯದು, ಅದರ ಎಣ್ಣೆ ಗಾಳಿಯ ಜೊತೆ ಹೊರಬರುತ್ತಲೇ ಇರುತ್ತದೆ, ನೋಡಿಕೊಂಡು ತುಂಬುತ್ತಿರಬೇಕು. ಟ್ಯಾಂಕ್, ಸ್ವಿಚ್, ವಾಲ್ವ್, ಫಿಲ್ಟರ್, ರೆಗ್ಯುಲೇಟರ್ ಎಲ್ಲ ಕೊಂಡು ಲೆಕ್ಕ ಹಾಕಿದರೆ ಉಳಿತಾಯ ಬಹಳ ಸಣ್ಣದು. ನಮ್ಮ ಅಭಿಪ್ರಾಯದಲ್ಲಿ ಇದು ಯಂತ್ರ ಜೋಡಿಸುವ ಹುಚ್ಚಿರುವವರಿಗೆ, ಬಣ್ಣ ಹಚ್ಚುವ ಹುಚ್ಚಿರುವವರಿಗಲ್ಲ.

ಪ್ರಶ್ನೆ: ಮಳೆಗಾಲ ಶುರುವಾದಾಗಿನಿಂದ ಬಣ್ಣದ ನಡುವೆ ನೀರು ಪಿಚಕ್ಕೆಂದು ಬೀಳುತ್ತದೆ. ಕಂಪ್ರೆಸರ್ ಮೇಲೆ ವಾಟರ್ ಟ್ರ್ಯಾಪ್ ಇದೆ, ಅದು ಒಣಗಿಯೇ ಇದೆ. (ಹೊಳಲ್ಕೆರೆ)

ಉತ್ತರ: ಮೊದಲು ಅದು ನೀರೇ ಎಂದು ಖಾತ್ರಿ ಮಾಡಿಕೊಳ್ಳಿ. ಏರ್‌ಬ್ರಷ್‌ನ ಬಣ್ಣದ ಕಪ್ ಖಾಲಿ ಮಾಡಿ, ತೊಳೆದು ಒಣಗಿಸಿ, ಬಿಳಿ ಕಾಗದಕ್ಕೆ ಬರೀ ಗಾಳಿ ಊದಿ. ಒದ್ದೆ ಚುಕ್ಕಿ ಬಿದ್ದರೆ ನೀರು. ಏನೂ ಬೀಳದಿದ್ದರೆ ತಪ್ಪು ಸೂಜಿ ತುದಿಯಲ್ಲಿ ಒಣಗಿದ ಬಣ್ಣದ್ದು.

ಟ್ರ್ಯಾಪ್ ಒಣಗಿರುವುದೇ ಸುಳಿವು. 4 ಬಾರ್‌ಗೆ ಹೋದ ಗಾಳಿ (ಹೊರಗಿನ ವಾತಾವರಣದ ಒಂದು ಬಾರ್ ಸೇರಿಸಿ) ಐದು ಪಟ್ಟು ಅದುಮಿಕೊಂಡಿರುತ್ತದೆ. ತೇವಾಂಶ ಶೇ 80 ಇರುವ ದಿನ ಅದುಮಿದ ಗಾಳಿ ಮತ್ತೆ ಕೋಣೆಯ ತಾಪಕ್ಕೆ ಇಳಿದರೆ ಅದರಲ್ಲಿದ್ದ ನೀರಿನ ಮುಕ್ಕಾಲು ಪಾಲು ಹನಿಯಾಗಲೇಬೇಕು. ಆದರೆ ಸಿಲಿಂಡರಿನಿಂದ ಬರುವ ಗಾಳಿ ಬಿಸಿ. ಟ್ರ್ಯಾಪ್ ದಾಟುವಾಗ ನೀರಿನ್ನೂ ಆವಿಯಾಗಿರುತ್ತದೆ, ಹೋಸಿನಲ್ಲಿ ತಣ್ಣಗಾಗಿ ಹನಿಗಟ್ಟುತ್ತದೆ. ಅಂದರೆ ಹಿಡಿಯಬೇಕಾದದ್ದು ಕೊನೆಯಲ್ಲಿ. ಏರ್‌ಬ್ರಷ್‌ನ ಅಡಿಗೆ ತಿರುಗಿಸಿ ಕೂರಿಸುವ ಸಣ್ಣ ಫಿಲ್ಟರ್ ಸಿಗುತ್ತದೆ, ಅದನ್ನು ಹಾಕಿ. ಹೋಸಿನ ಒಂದಷ್ಟು ಉದ್ದ ಮೇಜಿಗಿಂತ ಕೆಳಗೆ ಜೋತು ಬಿದ್ದಿರಲಿ, ಹನಿ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಗೊಮ್ಮೆ ಹೋಸ್ ಬಿಚ್ಚಿ ಗಾಳಿ ಬಿಟ್ಟು ಒಣಗಿಸಿ.

ಕೆಲಸ ಮುಗಿದಾಗ ಟ್ಯಾಂಕಿನಲ್ಲಿ ಸ್ವಲ್ಪ ಒತ್ತಡ ಇರುವಾಗಲೇ ಅಡಿಯ ಡ್ರೇನ್ ಸ್ಕ್ರೂ ಸಡಿಲಿಸಿ, ಯಂತ್ರವನ್ನು ಆ ಕಡೆಗೆ ವಾಲಿಸಿ. ನೀರು ಕಂದು ಬಣ್ಣಕ್ಕೆ ಬಂದರೆ ಒಳಗೆ ತುಕ್ಕು ಹಿಡಿಯುತ್ತಿದೆ ಎಂದರ್ಥ, ಬಿಟ್ಟುಬಿಡದೆ ದಿನವೂ ಬಸಿಯಿರಿ. ಟ್ರ್ಯಾಪಿನ ಪಾರದರ್ಶಕ ಬಟ್ಟಲನ್ನು ಸೋಪು ನೀರಲ್ಲಿ ಮಾತ್ರ ತೊಳೆಯಿರಿ. ಥಿನ್ನರ್ ತಾಗಿದರೆ ಪಾಲಿಕಾರ್ಬೊನೇಟ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಒತ್ತಡ ಏರಿದಾಗ ಒಡೆಯುತ್ತದೆ.

ಪ್ರಶ್ನೆ: ಸಂಜೆ ಹೊತ್ತು ಕರೆಂಟ್ ಡಲ್ ಆದಾಗ ಕಂಪ್ರೆಸರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಯುಪಿಎಸ್‌ನಲ್ಲಿ ಓಡಿಸಬಹುದೇ? (ಹೊಸದುರ್ಗ)

ಉತ್ತರ: ತಕ್ಷಣ ಆರಿಸಿ, ವೈಂಡಿಂಗ್ ಸುಡುತ್ತದೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಈ ಮೋಟಾರಿನ ತಿರುಗುವ ಬಲ ಶೇ 60ರಷ್ಟೇ ಉಳಿಯುತ್ತದೆ. ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು ಶುರು ಮಾಡಿ ನೋಡಿ, ತೆಳು ವೈರಿನ ಎಕ್ಸ್‌ಟೆನ್ಷನ್ ತೆಗೆಯಿರಿ. ಆದರೂ ಆಗದಿದ್ದರೆ ಸ್ಟೆಬಿಲೈಸರ್. ಯುಪಿಎಸ್ ಸೈನ್ ವೇವ್ ಆಗಿದ್ದರೆ ಅಡ್ಡಿಯಿಲ್ಲ, ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಬಿಸಿಯಾಗುತ್ತದೆ, ಸದ್ದೂ ಜಾಸ್ತಿ.

ಪ್ರಶ್ನೆ: ಏರ್‌ಬ್ರಷ್ ಕೆಳಗಿಟ್ಟಿದ್ದರೂ ಐದು ನಿಮಿಷಕ್ಕೊಮ್ಮೆ ಮೋಟಾರ್ ಓಡುತ್ತದೆ. (ನಿಟುವಳ್ಳಿ, ದಾವಣಗೆರೆ)

ಉತ್ತರ: ಎಲ್ಲೋ ಸೋರುತ್ತಿದೆ. ಸೋಪಿನ ನೊರೆಯನ್ನು ಬ್ರಷ್‌ನಲ್ಲಿ ಒಂದೊಂದೇ ಜಾಯಿಂಟಿಗೆ ಹಚ್ಚಿ, ಗುಳ್ಳೆ ಏಳುವ ಕಡೆ ಬಿಚ್ಚಿ. ಟ್ಯಾಂಕ್, ರೆಗ್ಯುಲೇಟರ್ ಥ್ರೆಡ್‌ಗಳಿಗೆ ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು, ಥ್ರೆಡ್ ತಿರುಗುವ ದಿಕ್ಕಿಗೇ. ಏರ್‌ಬ್ರಷ್‌ಗೆ ಹೋಸ್ ಸೇರುವಲ್ಲಿ ಟೇಪ್ ಬೇಡ, ಅಲ್ಲಿ ವಾಷರ್ರೇ ಸೀಲ್. ವಾಷರ್ ಗಟ್ಟಿಯಾಗಿದ್ದರೆ ಬದಲಿಸಿ, ಕೈಯಲ್ಲಿ ಬಿಗಿದರೆ ಸಾಕು. ಹೊಸ ಹೋಸ್ ಕೊಳ್ಳುವಾಗ ಎರಡೂ ತುದಿಯ ಅಳತೆ ನೋಡಿ: ಏರ್‌ಬ್ರಷ್ ಕಡೆ ಸಾಮಾನ್ಯವಾಗಿ 1/8 ಬಿಎಸ್‌ಪಿ (ಪೈಪ್ ಥ್ರೆಡ್ಡಿನ ಅಳತೆ), ಕಂಪ್ರೆಸರ್ ಕಡೆ 1/8 ಅಥವಾ 1/4. ಅಳತೆ ತಪ್ಪಿದ್ದನ್ನು ಸ್ಪ್ಯಾನರ್ ಹಾಕಿ ಬಿಗಿದರೆ ಹಿತ್ತಾಳೆ ಥ್ರೆಡ್ ಕಿತ್ತುಬರುತ್ತದೆ. ಸಣ್ಣ ಅಡಾಪ್ಟರ್ ಹಾಕಿದರೆ ಕೆಲಸ ಆಯಿತು.