ಆಪರೇಷನ್ ನೋವಿಗೆ ಕೋಡ್ ಹಾಕಿದ್ದು ತಪ್ಪಾ?

ಪ್ರಶ್ನೆ: ಅಕ್ಕಾ, ನಾನು ಪೆರ್ಲದವಳು. ಮಂಗಳೂರಿನ ಒಂದು ಆಫೀಸಿನಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ ಮಾಡುತ್ತೇನೆ, ಅಂದರೆ ರೋಗಿಯ ದಾಖಲೆ ಓದಿ ಕಾಯಿಲೆ, ಚಿಕಿತ್ಸೆಗೆ ಗೊತ್ತಾದ ಕೋಡ್ ಹಾಕುವ ಕೆಲಸ. ಸೇರಿ ನಾಲ್ಕು ತಿಂಗಳು. ಮೊಣಕಾಲಿನ ಗಂಟು ಬದಲಿಸಿದ ರೋಗಿಗೆ ಮರುದಿನ ನೋವಿತ್ತು, ನರ್ಸ್ ಬರೆದಿದ್ದರು. ಆಪರೇಷನ್ ನಂತರದ ನೋವಿನ ಕೋಡ್ ಜಿ 89.18 ಹಾಕಿದೆ. ಆಡಿಟ್‌ನಲ್ಲಿ ತೆಗೆದುಬಿಟ್ಟರು. ನೋವು ಇದ್ದದ್ದು ನಿಜ ಅಲ್ವಾ?

ಉತ್ತರ: ನಿಜ ತಂಗಿ. ಆದರೆ ಗಂಟು ಬದಲಿಸಿದ ಮರುದಿನ ನೋಯದೇ ಇರುತ್ತದಾ? ಆಪರೇಷನ್ ಆದ ಕೂಡಲೇ ಎಲ್ಲರಿಗೂ ಬರುವ ನೋವಿಗೆ ಬೇರೆ ಕೋಡ್ ಹಾಕಬಾರದು. ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿ ಐಸಿಡಿ-10-ಸಿಎಂನ ನಿಯಮದಲ್ಲೇ ಇದು ಇದೆ. ನೋವು ಮಾಮೂಲಿಗಿಂತ ಜಾಸ್ತಿ ಎಂದು ಡಾಕ್ಟರೇ ಬರೆದಿದ್ದರೆ ಜಿ 89.18 ನಿಲ್ಲುತ್ತಿತ್ತು. ನರ್ಸ್ ಬರೆದ ನೋವಿನ ಅಂಕಿ ಸಾಲದು.

ಹಾಕಿದ ಕೃತಕ ಗಂಟಿನಿಂದಲೇ ನೋವು ಎಂದು ಡಾಕ್ಟರು ಬರೆದರೆ ಮೊದಲು ಆ ತೊಂದರೆಯ ಕೋಡ್ ಟಿ 84.84, ಆಮೇಲೆ ನೋವಿನ ಜಿ 89 ಗುಂಪಿನ ಕೋಡ್. ನೋವು ತೀವ್ರವೋ (ಅಕ್ಯೂಟ್, ಅಂದರೆ ಸದ್ಯಕ್ಕೆ ಬಂದದ್ದು) ದೀರ್ಘಕಾಲದ್ದೋ ಹೇಳದಿದ್ದರೆ ತೀವ್ರ ಎಂದೇ ಹಿಡಿಯಬೇಕು, ಅದು ಜಿ 89.18. ದೀರ್ಘಕಾಲದ್ದು ಜಿ 89.28. ಇಷ್ಟು ತಿಂಗಳಾದರೆ ದೀರ್ಘಕಾಲ ಎಂಬ ಲೆಕ್ಕ ಆ ನಿಯಮದಲ್ಲಿಲ್ಲ. ನೀವು ಬೆರಳು ಮಡಚಿ ಎಣಿಸಲು ಹೋಗಬೇಡಿ, ಡಾಕ್ಟರ ಮಾತೇ ಅಂತಿಮ.

ಈ ವಿಷಯ ನನಗೆ ಮನೆಯಲ್ಲೇ ಚುಚ್ಚಿದೆ. ಅಮ್ಮನಿಗೆ ಹರ್ನಿಯಾ ಆಪರೇಷನ್ ಆಗಿ ಐದು ತಿಂಗಳಾದರೂ ತೊಡೆಸಂದಿನಲ್ಲಿ ಉರಿ. ಬಾವಿಕಟ್ಟೆಯಿಂದ ಕೊಡಪಾನ ಎತ್ತಿದವರು ನಾಲ್ಕು ಹೆಜ್ಜೆಗೆ ಅದನ್ನು ಕೆಳಗಿಟ್ಟು, ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದರು. ಪ್ರತಿ ಸಲದ ಚೀಟಿಯಲ್ಲೂ 'ಗಾಯ ಒಣಗಿದೆ', ಅಷ್ಟೇ. ಬೇರೆ ಡಾಕ್ಟರ ಹತ್ತಿರ ಹೋದಾಗ ಕಾಗದದಲ್ಲಿ ನೋವೇ ಇರಲಿಲ್ಲ. ಎಲ್ಲವನ್ನೂ ಅಮ್ಮ ಮೊದಲಿಂದ ಹೇಳಬೇಕಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಬೇಕು ತಂಗಿ, ಆ ಕನ್ನಡಿ ಡಾಕ್ಟರ ಬರಹ.

ಹಾಗಾಗಿ ಅನುಮಾನ ಬಂದರೆ ಸುಮ್ನೆ ಕೋಡ್ ಹಾಕಬೇಡಿ, ಸುಮ್ನೆ ಬಿಡಲೂ ಬೇಡಿ. ಡಾಕ್ಟರಿಗೆ ಕ್ವೆರಿ, ಅಂದರೆ ದಾಖಲೆಯಲ್ಲಿ ಸ್ಪಷ್ಟವಿಲ್ಲದ್ದನ್ನು ಕೇಳುವ ಪ್ರಶ್ನೆ, ಕಳಿಸಿ. 'ಇದು ದೀರ್ಘಕಾಲದ ನೋವು ತಾನೇ?' ಎಂದು ಕೇಳಿದರೆ ಉತ್ತರ ನೀವೇ ಬಾಯಿಗಿಟ್ಟ ಹಾಗೆ, ಅದು ನಡೆಯುವುದಿಲ್ಲ. ಚಾರ್ಟ್‌ನಲ್ಲಿ ಕಂಡದ್ದನ್ನು ತಾರೀಕು ಸಮೇತ ಬರೆಯಿರಿ: ಯಾವ ದಿನ ಎಷ್ಟು ನೋವು, ಯಾವ ಮದ್ದು ಹೆಚ್ಚಿಸಿದರು. ಕೊನೆಗೆ ಒಂದೇ ಸಾಲು: 'ಈ ನೋವಿನ ಕಾರಣ ಮತ್ತು ಸ್ವರೂಪ ದಯವಿಟ್ಟು ಬರೆಯಿರಿ.'