ಓದುಗರ ಪ್ರಶ್ನೆ: ಹದಿಹರೆಯದ ಪ್ರೇಮಕಥೆಗೆ ಸಾಹಿತ್ಯದ ಅಪ್ಪಣೆ ಬೇಕೆ?

ಪ್ರಶ್ನೆ: ನನಗೀಗ 36 ವರ್ಷ. ಹದಿಹರೆಯದವರಿಗೆಂದು ಬರೆದ ಪ್ರೇಮ ಕಾದಂಬರಿಗಳನ್ನು ಇಂದಿಗೂ ಇಷ್ಟಪಟ್ಟು ಓದುತ್ತೇನೆ. ಸಾಹಿತ್ಯ ಪಾಠ ಮಾಡುವ ಗೆಳತಿಯೊಬ್ಬಳು ಅಂಥದೊಂದು ಪುಸ್ತಕವನ್ನು ನನ್ನ ಕೈಯಲ್ಲಿ ಕಂಡು, "ಇದರಲ್ಲಿ ಏನಿದೆ ಅಂತ ಓದುತ್ತೀಯ?" ಎಂದು ಕೇಳಿದಳು. ಅದರಲ್ಲಿ ಆಳವಾದ ಅರ್ಥವಿದೆ, ಸಂಕೇತಗಳಿವೆ ಎಂದೆಲ್ಲ ವಾದಿಸಿದೆ. ವಾದಿಸುತ್ತಿದ್ದಾಗ ನನ್ನ ಮಾತಿನಲ್ಲಿ ನನಗೇ ನಂಬಿಕೆಯಿರಲಿಲ್ಲ. ಸಾಹಿತ್ಯ ಗುಣವಿಲ್ಲದ ಪುಸ್ತಕವನ್ನು ಮೆಚ್ಚಿ ಓದುವುದು ಅಭಿರುಚಿಯ ಕೊರತೆಯೆ?

ಉತ್ತರ: ಕೊರತೆಯಲ್ಲ. ಆದರೆ ಗೆಳತಿಗೆ ನೀವು ಕೊಟ್ಟ ಉತ್ತರ ಸರಿಯಿರಲಿಲ್ಲ, ಅದು ನಿಮಗೂ ಗೊತ್ತಿದೆ. ಸಂತೋಷ ಕೊಟ್ಟ ಪುಸ್ತಕದಲ್ಲಿ ಗುಣ ಇರಲೇಬೇಕು ಎಂದು ನೀವು ಹೊರಟಿರಿ. ಗುಣವಿಲ್ಲದ ಪುಸ್ತಕದಿಂದ ಸಂತೋಷ ಹುಟ್ಟಬಾರದು ಎಂದು ಅವರು ಹೊರಟರು. ಮೇಲ್ನೋಟಕ್ಕೆ ಎದುರಾಳಿಗಳಂತೆ ಕಂಡರೂ ಇಬ್ಬರದೂ ಒಂದೇ ತಪ್ಪು, ಸಂತೋಷವನ್ನೂ ಸಾಹಿತ್ಯ ಗುಣವನ್ನೂ ಒಂದೇ ಖಾತೆಯಲ್ಲಿ ಬರೆದಿಟ್ಟದ್ದು.

11ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳದ ನಿವಾರಣೆ, ನಲ್ಲೆಯ ಮಾತಿನಂಥ ನಯವಾದ ಉಪದೇಶ ಇವೆಲ್ಲವನ್ನೂ ಹೇಳುತ್ತಾನೆ, ಆದರೆ ಎಲ್ಲಕ್ಕೂ ಕಿರೀಟಪ್ರಾಯವೆಂದು ಆತ ಕರೆಯುವುದು ಓದಿದ ಕೂಡಲೇ ಉಂಟಾಗುವ ಆನಂದವನ್ನು, ಬೇರೆಲ್ಲ ಅರಿವೂ ಜಾರಿಹೋಗುವ ಆ ಸ್ಥಿತಿಯನ್ನು. ಅದೇ ಗ್ರಂಥದಲ್ಲಿ ಕಾವ್ಯವನ್ನು ಮೂರು ದರ್ಜೆಗಳಾಗಿ ವಿಂಗಡಿಸುವ ಆತ, ವ್ಯಂಗ್ಯಾರ್ಥವಿಲ್ಲದೆ, ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥವಿಲ್ಲದೆ, ಶಬ್ದಾರ್ಥಗಳ ಚಮತ್ಕಾರವೊಂದನ್ನೇ ನೆಚ್ಚಿದ ಮೂರನೆಯ ದರ್ಜೆಯನ್ನು ಕೆಳಗೆ ಕೂರಿಸುತ್ತಾನೆಯೇ ಹೊರತು ಪಂಕ್ತಿಯಿಂದ ಎಬ್ಬಿಸುವುದಿಲ್ಲ. ಹಾಗೆಂದು ಮಮ್ಮಟನನ್ನು ನಿಮ್ಮ ಪರವಾದ ವಕೀಲನನ್ನಾಗಿ ನಿಲ್ಲಿಸಲು ನನಗೆ ಧೈರ್ಯವಿಲ್ಲ: ಆತ ಹೇಳಿದ್ದು ರಸಾಸ್ವಾದದ ಆನಂದವನ್ನು, ಕಥೆಯ ನಾಯಕ ನಾಯಕಿಗೆ ಉತ್ತರ ಕೊಡುತ್ತಾನೋ ಇಲ್ಲವೋ ಎಂಬ ಕಾತರವನ್ನಲ್ಲ. ಆದರೂ ದರ್ಜೆ ಕಟ್ಟುವುದು ಬೇರೆ, ಬಹಿಷ್ಕಾರ ಹಾಕುವುದು ಬೇರೆ ಎಂಬಷ್ಟನ್ನು ಆತನಿಂದ ಕಲಿಯಬಹುದು.

ನಿಮ್ಮ ಮುಜುಗರವೂ ಹೊಸದಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ತೀರಿಕೊಂಡ ಮೇಲೆ 1817ರ ಕೊನೆಗೆ ಪ್ರಕಟವಾದ ‘ನಾರ್ಥ್ಯಾಂಗರ್ ಅಬಿ’ಯಲ್ಲಿ, ಏನು ಓದುತ್ತಿದ್ದೀ ಎಂದು ಯಾರಾದರೂ ಕೇಳಿದರೆ, ಬರೀ ಒಂದು ಕಾದಂಬರಿ ಎಂದು ನಾಚಿ ಪುಸ್ತಕವನ್ನು ಕೆಳಗಿಡುವ ತರುಣಿಯೊಬ್ಬಳ ಪ್ರಸ್ತಾಪವಿದೆ. ಜನಪ್ರಿಯ ಕಥೆಗಳ ಅಭಿಮಾನಿಗಳು ಆ ಭಾಗವನ್ನು ತಮ್ಮ ಸಮರ್ಥನೆಗೆ ಎತ್ತಿಕೊಳ್ಳುವುದುಂಟು. ಆದರೆ ಗುಣವಿಲ್ಲದಿದ್ದರೆ ಏನಂತೆ ಎಂದು ಆಸ್ಟಿನ್ ಅಲ್ಲಿ ಹೇಳುತ್ತಿಲ್ಲ. ಮನಸ್ಸಿನ ಅತ್ಯುನ್ನತ ಶಕ್ತಿಗಳು ಕಾದಂಬರಿಯಲ್ಲಿ ಪ್ರಕಟವಾಗುತ್ತವೆ ಎನ್ನುತ್ತಿದ್ದಾರೆ. ಅವರ ವಾದ ಗುಣದ ಬಲದ ಮೇಲೇ ನಿಂತಿದೆ. ನಿಮಗೆ ಬೇಕಿರುವುದು ಅದಕ್ಕಿಂತ ಸಣ್ಣ ಸಮರ್ಥನೆ.

ಅಮೆರಿಕದ ಲೇಖಕಿ ಸ್ಟೆಫನಿ ಮೆಯರ್ ಅವರ ಹದಿಹರೆಯದ ಪ್ರೇಮ ಕಾದಂಬರಿ ‘ಟ್ವೈಲೈಟ್’ 2005ರಲ್ಲಿ ಬಂತು. ಆ ಸರಣಿಯ ಪುಸ್ತಕಗಳು ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು. ಗದ್ಯ ಸಪ್ಪೆ, ನಾಯಕನ ರೂಪವರ್ಣನೆ ಸಾಕುಸಾಕೆನಿಸುವಷ್ಟು ಸಲ ಮರುಕಳಿಸುತ್ತದೆ ಎಂಬ ಟೀಕೆ ಮೊದಲಿನಿಂದಲೂ ಇದೆ, ಅದು ಸುಳ್ಳೂ ಅಲ್ಲ. ಹಾಗಾದರೆ ಅಷ್ಟು ಮಂದಿಯನ್ನು ಹಿಡಿದು ಕೂರಿಸಿದ್ದು ಏನು? ನನ್ನ ಮಟ್ಟಿಗೆ ಅದು ಕಾಯಿಸುವ ಕಸುಬು. 17ರ ಹುಡುಗಿ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ, ಆದ್ದರಿಂದ ಅವಳಿಗೆ ತಿಳಿಯದ್ದು ನಮಗೂ ತಿಳಿಯುವುದಿಲ್ಲ. ತರಗತಿಯಲ್ಲಿ ಪಕ್ಕದಲ್ಲಿ ಕುಳಿತವನು ಏಕೆ ಮುಖ ತಿರುಗಿಸಿದ ಎಂಬಷ್ಟಕ್ಕೇ ಅವಳು ಪುಟಗಟ್ಟಲೆ ಚಡಪಡಿಸುತ್ತಾಳೆ, ಅವಳೊಂದಿಗೆ ನಾವೂ. ಆ ವಯಸ್ಸಿನಲ್ಲಿ ಒಂದು ನೋಟ ನಿಜಕ್ಕೂ ಅಷ್ಟು ದೊಡ್ಡದಾಗಿರುತ್ತದೆ. ಆ ಅಳತೆಯನ್ನು ಗೇಲಿ ಮಾಡದೆ, ಕುಗ್ಗಿಸದೆ ಹಿಡಿಯುವುದು ಸೊಗಸಾದ ವಾಕ್ಯ ಬರೆಯಬಲ್ಲ ಎಷ್ಟೋ ಲೇಖಕರಿಗೆ ಕೈಗೂಡುವುದಿಲ್ಲ. ಇದನ್ನು ಸಾಹಿತ್ಯ ಗುಣ ಎನ್ನಬೇಕೆ? ನಾನು ಅನ್ನಲಾರೆ, ಕಸುಬುಗಾರಿಕೆ ಎನ್ನುತ್ತೇನೆ, ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುತ್ತೇನೆ.

ವ್ಯತ್ಯಾಸ ತಿಳಿಯುವುದು ಎರಡನೆಯ ಓದಿನಲ್ಲಿ. ಕಾತರವನ್ನೇ ನೆಚ್ಚಿದ ಕಥೆ, ಗುಟ್ಟು ಬಯಲಾದ ಮೇಲೆ, ಮೊದಲ ಓದಿನ ನೆನಪಿನ ಸಲುಗೆಯಿಂದ ಓದಿಸಿಕೊಳ್ಳುತ್ತದೆ. ಗುಣವುಳ್ಳದ್ದು ಓದುವವರ ವಯಸ್ಸು ಬದಲಾದಂತೆ ತಾನೂ ಬದಲಾಗುತ್ತದೆ. ಷೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ 14 ತುಂಬಿರುವುದಿಲ್ಲ, ಅದೂ ಹದಿಹರೆಯದ ಪ್ರೇಮಕಥೆಯೇ. 15ರಲ್ಲಿ ಓದಿದವರು ಅವಳ ಜೊತೆ ಅಳುತ್ತಾರೆ, 40ರಲ್ಲಿ ಓದಿದವರಿಗೆ ಮನೆಯಿಂದ ಹೊರಹಾಕುತ್ತೇನೆಂದು ಅಬ್ಬರಿಸುವ ಅವಳ ತಂದೆಯ ಮೇಲೆ, ಕಡೆಗಳಿಗೆಯಲ್ಲಿ ಕೈಬಿಡುವ ದಾದಿಯ ಮೇಲೆ ಕಣ್ಣು ಹೋಗುತ್ತದೆ. ಇನ್ನೊಮ್ಮೆ ಗೆಳತಿ ಕೇಳಿದರೆ, "ಇದರಲ್ಲಿ ಅಂಥದ್ದೇನಿಲ್ಲ, ಆದರೆ ರಾತ್ರಿ ಎರಡು ಗಂಟೆಯವರೆಗೆ ಕೆಳಗಿಡಲಾಗಲಿಲ್ಲ" ಎಂದುಬಿಡಿ. ಆ ಮಾತಿಗೆ ಎದುರು ಮಾತು ಇರುವುದಿಲ್ಲ.

ಪ್ರಶ್ನೆ: ನನ್ನ 15 ವರ್ಷದ ಮಗಳು ಇಂಥ ಪುಸ್ತಕಗಳನ್ನು ಬಿಟ್ಟು ಬೇರೇನೂ ಓದುವುದಿಲ್ಲ. ಅವಳ ಅಭಿರುಚಿ ಕೆಡುತ್ತದೆಯೆ? ತಂದೆಯಾಗಿ ನಾನು ತಡೆಯಬೇಕೆ?

ಉತ್ತರ: ಅಭಿರುಚಿಯ ಚಿಂತೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ದಪ್ಪ ಪುಸ್ತಕವೊಂದನ್ನು ಕೊನೆಯ ಪುಟದವರೆಗೆ ಬಿಡದೆ ಓದುವ ರೂಢಿ ಅವಳಿಗೆ ಇದೇ ಪುಸ್ತಕಗಳಿಂದ ಬಂದಿದೆ. ನೀವು ಗಮನಿಸಬೇಕಾದದ್ದು ಗದ್ಯದ ಮಟ್ಟವನ್ನಲ್ಲ, ಕಥೆ ಯಾವುದನ್ನು ಪ್ರೀತಿ ಎಂದು ಕರೆಯುತ್ತಿದೆ ಎಂಬುದನ್ನು. ಮೇಲೆ ಹೇಳಿದ ‘ಟ್ವೈಲೈಟ್’ನಲ್ಲೇ, ನಾಯಕಿಗೆ ಗೊತ್ತಿಲ್ಲದಂತೆ ಅವಳ ಕೋಣೆಗೆ ಬಂದು, ಅವಳು ನಿದ್ರಿಸುವುದನ್ನು ನಾಯಕ ರಾತ್ರಿಯಿಡೀ ನೋಡುತ್ತಿರುತ್ತಾನೆ, ಕಥೆ ಅದನ್ನು ಗಾಢ ಪ್ರೇಮದ ಗುರುತಾಗಿ ಒಪ್ಪಿಸುತ್ತದೆ. ಅತ್ಯುತ್ತಮ ಶೈಲಿಯಲ್ಲಿ ಬರೆದಿದ್ದರೂ ಈ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು, ಬಹುಶಃ ಇನ್ನಷ್ಟು ಚೂಪಾಗುತ್ತಿತ್ತು. ಆದ್ದರಿಂದ ಪುಸ್ತಕವನ್ನು ಕಳಪೆ ಎಂದು ಹಳಿಯಬೇಡಿ; ಹಳಿದರೆ ಅವಳು ಅದನ್ನು ಸಮರ್ಥಿಸಲು ನಿಂತುಬಿಡುತ್ತಾಳೆ, ಜೊತೆಗೆ ಆ ನಾಯಕನನ್ನೂ. ನೀವೂ ಅದನ್ನು ಓದಿ, ಎಚ್ಚರವಾದಾಗ ಕೋಣೆಯಲ್ಲಿ ಒಬ್ಬ ನಿಂತಿದ್ದರೆ ನಿನಗೆ ಹೇಗನಿಸುತ್ತಿತ್ತು ಎಂದು ಕೇಳಿ, ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಕಥೆಯಲ್ಲಿ ಮೆಚ್ಚಿದ್ದನ್ನೆಲ್ಲ ಬದುಕಿನಲ್ಲಿ ಬಯಸುವುದಿಲ್ಲ ಎಂದು ಅವಳೇ ನಿಮಗೆ ಪಾಠ ಹೇಳುವ ಸಾಧ್ಯತೆಯೂ ಇದೆ.

ಪ್ರಶ್ನೆ: ನಾನು ಹದಿಹರೆಯದ ಪ್ರೇಮಕಥೆಯೊಂದನ್ನು ಬರೆಯುತ್ತಿದ್ದೇನೆ. ಓದುಗರಿಗೆ ಬೇಕಿರುವುದು ಸಂತೋಷವಷ್ಟೇ ಆದರೆ ಭಾಷೆಗಾಗಿ ಏಕೆ ಒದ್ದಾಡಬೇಕು?

ಉತ್ತರ: ಓದುವವರಿಗೆ ಇರುವ ರಿಯಾಯಿತಿಯನ್ನು ಬರೆಯುವವರು ತಮಗೆ ತಾವೇ ಕೊಟ್ಟುಕೊಳ್ಳುವಂತಿಲ್ಲ. ಗುಣ ಕಡಿಮೆಯಿದ್ದರೂ ಗೆದ್ದ ಪುಸ್ತಕಗಳು ಗೆದ್ದದ್ದು ಬೇರೊಂದರ ಬಲದಿಂದ, ಗುಣ ಕಡಿಮೆಯಿದ್ದದ್ದರಿಂದ ಅಲ್ಲ. ಆ ಬೇರೊಂದು ನಿಮ್ಮ ಬಳಿ ಇದೆಯೋ ಇಲ್ಲವೋ ಎಂಬುದು ಪುಸ್ತಕ ಅಚ್ಚಾಗುವವರೆಗೆ ತಿಳಿಯುವುದಿಲ್ಲ. ವಾಕ್ಯವನ್ನಾದರೆ ಇಂದೇ ತಿದ್ದಬಹುದು. ಮೊದಲ ಅಧ್ಯಾಯದಲ್ಲಿ ನಾಯಕನ ಕಣ್ಣುಗಳನ್ನು ಎಷ್ಟು ಸಲ ವರ್ಣಿಸಿದ್ದೀರಿ ಎಂದು ಎಣಿಸಿ ನೋಡಿ. ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಹೊಡೆದುಹಾಕಿ, ಆಮೇಲೆ ಹಸ್ತಪ್ರತಿಯನ್ನು ಕಳುಹಿಸಿ.